ಒಬ್ಬರೇ ಆಡೋಕೆ ಯಾವ ಆನ್‌ಲೈನ್ ಆಟ?

ವಿಡಿಯೋ ಗೇಮ್ ಬಗ್ಗೆ ಏನೇ ಕೇಳಬೇಕಿದ್ದರೂ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಮಾಂತ್ರಿಕರು, ಡ್ರ್ಯಾಗನ್‌ಗಳು ಇರುವ ಆನ್‌ಲೈನ್ ಆಟ ಬೇಕು, ಸಾವಿರಾರು ಜನ ಓಡಾಡುವ ದೊಡ್ಡ ಲೋಕ ಬೇಕು, ಆದರೆ ಒಬ್ಬರೇ ನಿಧಾನವಾಗಿ ಆಡುವಂತಿರಬೇಕು. ಇಂಥ ಆಟಗಳನ್ನು ಆಡುವವರು ಎಂಎಂಒ ಅನ್ನುತ್ತಾರೆ, ಇಲ್ಲೂ ಅದೇ ಹೆಸರು ಬಳಸಿದ್ದೇನೆ. ಬೆಂಗಳೂರಿನ ಓದುಗರು ಬರೆದ ಕೆಲವು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನನಗೆ 36 ವರ್ಷ. ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್, ದಿನಾ ಮೆಟ್ರೋದಲ್ಲಿ ಓಡಾಟ. ಮಗಳು ಮಲಗಿದ ಮೇಲೆ ಮುಕ್ಕಾಲು ಗಂಟೆ ನನ್ನದು ಅಂತ ಸಿಗುತ್ತೆ, ಅದೂ ಎಲ್ಲ ದಿನ ಅಲ್ಲ. ಕಾಲೇಜಿನಲ್ಲಿ ಇಂಥ ಆಟ ತುಂಬ ಇಷ್ಟ ಇತ್ತು, ಈಗ ಮತ್ತೆ ಆಸೆ ಆಗಿದೆ. ಆದರೆ ಮೈಕ್ ಹಾಕಿಕೊಂಡು ಮಾತಾಡೋದು, ಗಿಲ್ಡ್ ಅನ್ನೋ ಆಟಗಾರರ ಸಂಘ ಸೇರಿ ಇಷ್ಟು ಗಂಟೆಗೆ ಬರಲೇಬೇಕು ಅನ್ನೋದು ಬೇಡ. ಮಗಳು ಎದ್ದರೆ ತಕ್ಷಣ ಬಿಟ್ಟು ಹೋಗಬೇಕು. ಲ್ಯಾಪ್‌ಟಾಪ್ ಸಾಧಾರಣದ್ದು. ಯಾವುದು ಶುರು ಮಾಡಲಿ?
ಓದುಗರು, ವಿಜಯನಗರ

ಉತ್ತರ: ಗಿಲ್ಡ್ ವಾರ್ಸ್ 2 ಶುರು ಮಾಡಿ ಮೇಡಂ.

ಒಬ್ಬರೇ ಆಡಬಹುದಾ ಅಂತ ಕೇಳಿದರೆ ಈಗಿನ ಎಂಎಂಒಗಳಲ್ಲಿ ಬಹುಪಾಲು ಹೌದು ಅಂತಲೇ ಹೇಳುತ್ತವೆ. ನೀವು ಕೇಳಬೇಕಾದ್ದು ಬೇರೆ. ನಾನು ಎರಡು ತಿಂಗಳು ಬರದಿದ್ದರೆ ಏನಾಗುತ್ತದೆ? ಮಗುವಿಗೆ ಜ್ವರ ಬರುತ್ತದೆ, ಆಫೀಸಿನಲ್ಲಿ ರಿಲೀಸ್ ಇರುತ್ತದೆ, ಊರಿನಲ್ಲಿ ಮದುವೆ ಇರುತ್ತದೆ. ಇದೆಲ್ಲ ಮುಗಿಸಿ ವಾಪಸ್ ಬಂದಾಗ ನೀವು ಬಿಟ್ಟ ಜಾಗದಿಂದಲೇ ಮುಂದುವರಿಯುವಂತಿರಬೇಕು. ಅಯ್ಯೋ ಹಿಂದೆ ಬಿದ್ದೆ ಅನ್ನಿಸಬಾರದು, ಆಡದ ತಿಂಗಳಿಗೆ ದುಡ್ಡು ಕಟ್ಟುವಂತಿರಬಾರದು. ಎಂಎಂಒ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ, ಗ್ರಾಫಿಕ್ಸ್ ಎಲ್ಲ ಆಮೇಲೆ.

ಗಿಲ್ಡ್ ವಾರ್ಸ್ 2 ಬಂದದ್ದು 2012ರ ಆಗಸ್ಟ್‌ನಲ್ಲಿ. ಆಗ ಪಾತ್ರ ಏರಬಹುದಾದ ಅತಿ ಹೆಚ್ಚಿನ ಮಟ್ಟ, ಅಂದರೆ ಲೆವೆಲ್, 80 ಇತ್ತು, ಇವತ್ತಿಗೂ 80. ನಡುವೆ ಹಲವು ಎಕ್ಸ್‌ಪಾನ್ಶನ್, ಅಂದರೆ ಆಟಕ್ಕೆ ಸೇರಿಸುವ ದೊಡ್ಡ ಹೊಸ ಭಾಗಗಳು, ಬಂದವು, ಹೊಸ ನಾಡುಗಳು, ಹೊಸ ಕಥೆಗಳು, ಸವಾರಿಗೆ ಪ್ರಾಣಿಗಳು ಎಲ್ಲ ಬಂದವು, ಲೆವೆಲ್ ಮಾತ್ರ ಏರಿಸಲಿಲ್ಲ. ಬೇರೆ ಎಷ್ಟೋ ಆಟಗಳಲ್ಲಿ ಒಂದು ಎಕ್ಸ್‌ಪಾನ್ಶನ್ ಬಂದರೆ ಸಾಕು, ಕಷ್ಟಪಟ್ಟು ಸಂಪಾದಿಸಿದ ಕತ್ತಿ ಕವಚ ಎಲ್ಲ ಗುಜರಿಗೆ ಹೋಗುತ್ತವೆ, ಮತ್ತೆ ಮೊದಲಿನಿಂದ ಓಡಬೇಕು. ಇಲ್ಲಿ ಹಾಗಿಲ್ಲ. ಒಳ್ಳೆ ಕವಚ ಒಂದು ಸಲ ಸಿಕ್ಕಿದರೆ ವರ್ಷಗಟ್ಟಲೆ ಬಿಟ್ಟು ಬಂದರೂ ಅದೇ ಸಾಕು. ನಿಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಎರಡನೆಯದು, ಪಕ್ಕದಲ್ಲಿ ಆಡುತ್ತಿರುವ ಅಪರಿಚಿತರು ನಿಮಗೆ ತೊಂದರೆ ಆಗುವುದಿಲ್ಲ. ನೀವು ಹೊಡೆಯುತ್ತಿದ್ದ ರಾಕ್ಷಸನನ್ನು ಇನ್ನೊಬ್ಬರು ಬಂದು ಹೊಡೆದರೆ ಇಬ್ಬರಿಗೂ ಪೂರ್ತಿ ಅಂಕ, ಇಬ್ಬರಿಗೂ ಬೇರೆ ಬೇರೆ ಬಹುಮಾನ. ಗಣಿಯಲ್ಲಿ ಅದಿರು ಕಂಡರೆ ಓಡಬೇಕಿಲ್ಲ, ಬೇರೆಯವರು ಅಗೆದ ಮೇಲೂ ನಿಮ್ಮ ಪಾಲು ನಿಮಗಾಗಿ ಇರುತ್ತದೆ. ನೀವು ಬಿದ್ದರೆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ಎಬ್ಬಿಸಬಹುದು, ಹಾಗೆ ಎಬ್ಬಿಸಿದವರಿಗೂ ಸ್ವಲ್ಪ ಅಂಕ ಸಿಗುತ್ತದೆ. ಇದಕ್ಕೆ ಗುಂಪು ಮಾಡಿಕೊಳ್ಳಬೇಕಿಲ್ಲ, ಒಂದು ಮಾತೂ ಆಡಬೇಕಿಲ್ಲ. ಮನುಷ್ಯ ಪಾತ್ರ ಆರಿಸಿಕೊಂಡರೆ ನೀವು ಕ್ವೀನ್ಸ್‌ಡೇಲ್ ಅನ್ನುವ ಹೊಲಗದ್ದೆಗಳ ನಾಡಿನಲ್ಲಿ ಶುರು ಮಾಡುತ್ತೀರಿ. ಅಲ್ಲಿನ ಜೌಗು ನೆಲದಲ್ಲಿ ಎರಡು ಗಂಟೆಗೊಮ್ಮೆ ಶ್ಯಾಡೋ ಬೆಹೆಮತ್ ಅನ್ನುವ ದೈತ್ಯ ಮೇಲೆದ್ದು ಬರುತ್ತದೆ. ಆ ಹೊತ್ತಿಗೆ ನೀವು ಹತ್ತಿರದಲ್ಲಿದ್ದರೆ ಸುಮ್ನೆ ಹೋಗಿ ನಿಲ್ಲಿ. ಹೊಸಬರು, ಹತ್ತು ವರ್ಷದಿಂದ ಆಡುತ್ತಿರುವವರು ಎಲ್ಲ ಒಟ್ಟಿಗೆ ಹೊಡೆಯುತ್ತಿರುತ್ತಾರೆ. ಹಳಬರ ಲೆವೆಲ್ ಅನ್ನು ಆಟವೇ ಆ ನಾಡಿಗೆ ತಕ್ಕಂತೆ ಇಳಿಸುವುದರಿಂದ ಅವರು ಒಂದೇ ಏಟಿಗೆ ಮುಗಿಸಿ ನಿಮ್ಮನ್ನು ಪ್ರೇಕ್ಷಕರನ್ನಾಗಿ ಮಾಡುವುದಿಲ್ಲ.

ಮಗಳು ಎದ್ದಾಗ ಏನು ಮಾಡುವುದು? ಆನ್‌ಲೈನ್ ಆಟದಲ್ಲಿ ಪಾಸ್ ಬಟನ್ ಇರುವುದಿಲ್ಲ, ಇದರಲ್ಲೂ ಇಲ್ಲ. ಬಯಲಿನಲ್ಲಿ ಆಡುವಾಗ ಎದ್ದು ಹೋದರೆ ಹೆಚ್ಚೆಂದರೆ ನಿಮ್ಮ ಪಾತ್ರ ಸತ್ತಿರುತ್ತದೆ. ಬಂದು ಹತ್ತಿರದ ವೇಪಾಯಿಂಟ್ ಅನ್ನುವ ನಿಲ್ದಾಣದಲ್ಲಿ ಮತ್ತೆ ಎದ್ದರಾಯಿತು, ಚೂರು ನಾಣ್ಯ ಖರ್ಚು ಅಷ್ಟೇ. ಐದು ಜನ ಸೇರಿ ಹೋಗುವ ಡಂಜನ್‌ಗೆ, ಅಂದರೆ ಶತ್ರುಗಳು ತುಂಬಿದ ಪ್ರತ್ಯೇಕ ಜಾಗಕ್ಕೆ, ಮಾತ್ರ ಇಂಥ ರಾತ್ರಿಗಳಲ್ಲಿ ಹೋಗಬೇಡಿ. ನಡುವೆ ಬಿಟ್ಟರೆ ಉಳಿದ ನಾಲ್ವರಿಗೆ ಕಷ್ಟ.

ಮೂಲ ಆಟ 2015ರಿಂದ ಉಚಿತ. ಉಚಿತ ಖಾತೆಗೆ ಕೆಲವು ಮಿತಿಗಳಿವೆ: ಎರಡೇ ಪಾತ್ರ, ಚಾಟ್ ಮತ್ತು ಮಾರುಕಟ್ಟೆಗೆ ಕಡಿವಾಣ. ಒಂದು ಎಕ್ಸ್‌ಪಾನ್ಶನ್ ಕೊಂಡರೆ ಅವು ಹೋಗುತ್ತವೆ, ತಿಂಗಳ ಬಾಡಿಗೆ ಯಾವತ್ತೂ ಇಲ್ಲ. ಲೆವೆಲ್ 80 ತಲುಪುವವರೆಗೆ ಏನೂ ಕೊಳ್ಳಬೇಡಿ. ಒಂದು ಕೊರತೆಯನ್ನೂ ಹೇಳಬೇಕು. ಎಕ್ಸ್‌ಪಾನ್ಶನ್‌ಗಳ ನಡುವಿನ ಕಥೆಯನ್ನು ಲಿವಿಂಗ್ ವರ್ಲ್ಡ್ ಅಂತ ಬೇರೆಯಾಗಿ ಮಾರುತ್ತಾರೆ, ಯಾವುದರ ನಂತರ ಯಾವುದು ಅಂತ ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ. ಮೂಲ ಕಥೆಯ ಬರವಣಿಗೆಯೂ ಸಾಧಾರಣ. ಕಥೆಗಾಗಿಯೇ ಆಡುವವರಿಗೆ ನಾನು ಬೇರೆ ಆಟ ಹೇಳುತ್ತೇನೆ, ಕೆಳಗಿನ ಮಲ್ಲೇಶ್ವರದ ಪತ್ರ ನೋಡಿ.

ಲ್ಯಾಪ್‌ಟಾಪ್ ಬಗ್ಗೆ ಚಿಂತೆ ಬೇಡ, ಹಳೇ ಆಟವಾದ್ದರಿಂದ ಸೆಟಿಂಗ್ಸ್ ಇಳಿಸಿದರೆ ಸಾಧಾರಣ ಯಂತ್ರದಲ್ಲೂ ಓಡುತ್ತದೆ. ಆದರೆ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ದಯವಿಟ್ಟು ಹಾಕಬೇಡಿ.

ಪ್ರಶ್ನೆ: ಒಬ್ಬರೇ ಆಡೋದಾದರೆ ಆನ್‌ಲೈನ್ ಯಾಕೆ ಬೇಕು? ಆಫ್‌ಲೈನ್ ಆಟ ಆಡಬಹುದಲ್ವಾ?
ಓದುಗರು, ಬನಶಂಕರಿ

ಉತ್ತರ: ಈ ಮಾತು ಒಬ್ಬರೇ ಆಡುವವರಿಗೆಲ್ಲ ಬರುತ್ತದೆ. ದರ್ಶಿನಿಯಲ್ಲಿ ಒಬ್ಬರೇ ನಿಂತು ಇಡ್ಲಿ ತಿನ್ನುತ್ತೇವೆ, ಅದೇ ಟೇಬಲ್ಲಿಗೆ ಇನ್ನೂ ಮೂರು ಜನ ತಟ್ಟೆ ಇಡುತ್ತಾರೆ, ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಆದರೂ ಅದು ಮನೆಯಲ್ಲಿ ಒಬ್ಬರೇ ಕೂತು ತಿಂದ ಹಾಗಲ್ಲ. ಎಂಎಂಒದಲ್ಲಿ ಸಂತೆಯ ಬೆಲೆ ಏರಿಳಿಯುವುದು ನಿಜವಾದ ಜನ ಕೊಂಡು ಮಾರುವುದರಿಂದ. ಊರಿನ ಚೌಕದಲ್ಲಿ ಯಾರೋ ವಿಚಿತ್ರ ಟೋಪಿ ಹಾಕಿ ಕುಣಿಯುತ್ತಿದ್ದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಆಫ್‌ಲೈನ್ ಆಟ ಎಷ್ಟೇ ಚೆನ್ನಾಗಿದ್ದರೂ ನೀವು ಆಫ್ ಮಾಡಿದಾಗ ಆ ಊರು ನಿಂತುಬಿಡುತ್ತದೆ. ಇದು ನಡೆಯುತ್ತಲೇ ಇರುತ್ತದೆ. ಆ ಜೀವಂತಿಕೆ ನಿಮಗೆ ಮುಖ್ಯ ಅಲ್ಲ ಅಂದರೆ ಖಂಡಿತ ಆಫ್‌ಲೈನ್ ಆಟವೇ ಆಡಿ. ದುಡ್ಡೂ ಒಂದೇ ಸಲ, ಪಾಸ್ ಬಟನ್ನೂ ಇರುತ್ತದೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, 64 ವರ್ಷ. ಕಾದಂಬರಿ ಓದುವ ಅಭ್ಯಾಸ ಮೊದಲಿನಿಂದ ಇದೆ. ಮೊಮ್ಮಗ ತನ್ನ ಆಟ ತೋರಿಸಿದ, ಆ ಲೋಕ ಬಹಳ ಹಿಡಿಸಿತು. ಆದರೆ ಅವನಷ್ಟು ಬೇಗ ನನ್ನ ಬೆರಳು ಓಡುವುದಿಲ್ಲ. ಒಳ್ಳೆ ಕಥೆ ಇರುವ, ಅವಸರ ಮಾಡದ ಆಟ ಇದೆಯೇ? ಕನ್ನಡದಲ್ಲಿ ಸಿಗುತ್ತದೆಯೇ?
ಓದುಗರು, ಮಲ್ಲೇಶ್ವರ

ಉತ್ತರ: ಸರ್, ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ನಾನು ಇಲ್ಲಿ ಹೇಳುತ್ತಿರುವ ಆಟಗಳು ಯಾವುದೂ ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಓದಲು ಅಡ್ಡಿ ಇಲ್ಲವಾದರೆ ಎರಡು ದಾರಿ ಇವೆ.

ಮೊದಲನೆಯದು ಫೈನಲ್ ಫ್ಯಾಂಟಸಿ 14. ಇದು 2010ರಲ್ಲಿ ಬಂದು ಸೋತ ಆಟ. ಜಪಾನಿನ ಕಂಪನಿ ಅದನ್ನು ಪೂರ್ತಿ ಕೆಡವಿ 2013ರಲ್ಲಿ ಹೊಸದಾಗಿ ಕಟ್ಟಿತು. ಹಳೇ ಲೋಕದ ನಾಶವನ್ನೇ ಹೊಸ ಕಥೆಗೆ ಹಿನ್ನೆಲೆ ಮಾಡಿಕೊಂಡರು. ಇದರಲ್ಲಿ ಮುಖ್ಯ ಕಥೆ ಅನ್ನುವುದು ದೊಡ್ಡ ಕಾದಂಬರಿಯಷ್ಟು ಉದ್ದ, ಪಾತ್ರಗಳು ಬೆಳೆಯುತ್ತವೆ, ಮೊದಲ ಭಾಗದಲ್ಲಿ ಸಣ್ಣದಾಗಿ ಬಂದುಹೋದ ವಿಷಯ ಎಷ್ಟೋ ಭಾಗಗಳ ನಂತರ ದೊಡ್ಡದಾಗಿ ತಿರುಗಿ ಬರುತ್ತದೆ. ಶುರುವಿನ ಭಾಗ ನಿಧಾನ, ಅಲ್ಲಿಂದ ಇಲ್ಲಿಗೆ ಪತ್ರ ತಲುಪಿಸುವ ಕೆಲಸವೇ ಜಾಸ್ತಿ. ದಯವಿಟ್ಟು ತಾಳ್ಮೆ ಇಡಿ. ಹೆವನ್ಸ್‌ವರ್ಡ್ ಅನ್ನುವ ಎರಡನೇ ಭಾಗಕ್ಕೆ ಬಂದ ಮೇಲೆ ಬಿಡಲು ಮನಸ್ಸಾಗುವುದಿಲ್ಲ. ಮಾತುಗಳು ಬಹಳಷ್ಟು ಅಕ್ಷರದಲ್ಲೇ ಬರುತ್ತವೆ. ನೀವು ಬಟನ್ ಒತ್ತುವವರೆಗೆ ಮುಂದಿನ ಮಾತು ಬರುವುದಿಲ್ಲ, ಆದ್ದರಿಂದ ನಿಮ್ಮ ವೇಗದಲ್ಲಿ ಓದಬಹುದು.

ಬೆರಳಿನ ವೇಗದ ಬಗ್ಗೆ: ಇದರಲ್ಲಿ ಒಂದು ಏಟಿಗೂ ಮುಂದಿನ ಏಟಿಗೂ ನಡುವೆ ಸುಮಾರು ಎರಡೂವರೆ ಸೆಕೆಂಡ್ ಬಿಡುವು ಇದೆ. ಹೊಸಬರಿಗೆ ಆ ಬಿಡುವು ಯೋಚಿಸಲು ಸಾಕು. ಕಥೆಯ ದಾರಿಯಲ್ಲಿ ಬರುವ ನಾಲ್ಕು ಜನರ ಡಂಜನ್‌ಗಳಿಗೆ ಮನುಷ್ಯರ ಬದಲು ಆಟದ ಪಾತ್ರಗಳನ್ನೇ ಜೊತೆಗೆ ಕರೆದುಕೊಂಡು ಹೋಗಬಹುದು, ಇದಕ್ಕೆ ಡ್ಯೂಟಿ ಸಪೋರ್ಟ್ ಅನ್ನುತ್ತಾರೆ. ಅವರು ನಿಮ್ಮನ್ನು ಅವಸರ ಮಾಡುವುದಿಲ್ಲ. ಎಂಟು ಜನ ಬೇಕಾಗುವ ಕೆಲವು ಕಾಳಗಗಳಿಗೆ ಮಾತ್ರ ನಿಜವಾದ ಜನರೊಂದಿಗೆ ಹೋಗಲೇಬೇಕು. ಆಟವೇ ಜನ ಹುಡುಕಿ ಕೊಡುತ್ತದೆ. ಒಳಗೆ ಹೋದ ಕೂಡಲೇ ನಾನು ಹೊಸಬ ಅಂತ ಒಂದು ಸಾಲು ಟೈಪ್ ಮಾಡಿ, ಹೆಚ್ಚಿನವರು ಸಹಾಯ ಮಾಡುತ್ತಾರೆ.

ಇದರ ಉಚಿತ ಟ್ರಯಲ್‌ಗೆ ದಿನದ ಲೆಕ್ಕ ಇಲ್ಲ. ಲೆವೆಲ್ 70ರವರೆಗೆ, ಮೂಲ ಆಟ ಮತ್ತು ಎರಡು ಎಕ್ಸ್‌ಪಾನ್ಶನ್ ಪೂರ್ತಿ ಆಡಬಹುದು. ಒಂದು ವಿಷಯ ನೆನಪಿಡಿ ಸರ್. ಒಂದು ಸಲ ಪೂರ್ತಿ ಆಟ ಕೊಂಡರೆ ಆ ಖಾತೆಯಲ್ಲಿ ಟ್ರಯಲ್‌ಗೆ ವಾಪಸ್ ಬರಲು ಆಗುವುದಿಲ್ಲ, ಆಮೇಲೆ ತಿಂಗಳ ಚಂದಾ ಕಟ್ಟಿದರೆ ಮಾತ್ರ ಆಟ. ಆದ್ದರಿಂದ ಟ್ರಯಲ್‌ನಲ್ಲಿ ಇರುವುದೆಲ್ಲ ಮುಗಿಯುವವರೆಗೆ, ಎಷ್ಟೇ ಡಿಸ್ಕೌಂಟ್ ಬಂದರೂ ಕೊಳ್ಳಬೇಡಿ.

ಓದುವುದಕ್ಕಿಂತ ಕೇಳುವುದು ಹಿತ ಅನ್ನಿಸಿದರೆ ಎರಡನೆಯದು ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್. ಇದರಲ್ಲಿ ಹಳ್ಳಿಯ ಮುದುಕಿಯಿಂದ ರಾಜನವರೆಗೆ ಎಲ್ಲರೂ ಬಾಯಿ ಬಿಟ್ಟು ಮಾತಾಡುತ್ತಾರೆ. 2014ರಲ್ಲಿ ಬಂದಾಗ ಚಂದಾ ಇತ್ತು, ಮರುವರ್ಷ ಕಡ್ಡಾಯ ತೆಗೆದರು. 2016ರ ಬದಲಾವಣೆಯ ನಂತರ ಯಾವ ನಾಡಿಗೆ ಬೇಕಾದರೂ ಮೊದಲು ಹೋಗಬಹುದು, ಲೆವೆಲ್ ಅಡ್ಡ ಬರುವುದಿಲ್ಲ. ಸಣ್ಣ ಸಣ್ಣ ಕಥೆಗಳು, ಒಂದು ಸಂಜೆಗೆ ಒಂದು ಮುಗಿಯುತ್ತದೆ. 2021ರಿಂದ ಜೊತೆಗೆ ಕಾದಾಡುವ ಸಂಗಾತಿ ಪಾತ್ರಗಳೂ ಬಂದಿವೆ. ಕಾಟ ಅಂದರೆ ಚೀಲ. ಗಿಡ, ಅದಿರು, ಚರ್ಮ ಅಂತ ಸಿಕ್ಕಿದ್ದೆಲ್ಲ ಹೆಕ್ಕುತ್ತ ಹೋದರೆ ಬೇಗ ತುಂಬುತ್ತದೆ, ಮಿತಿಯಿಲ್ಲದ ಚೀಲ ಬೇಕೆಂದರೆ ಚಂದಾ ಕಟ್ಟಬೇಕು. ಹೆಕ್ಕುವ ಚಟ ಬಿಟ್ಟರೆ ಚಂದಾ ಇಲ್ಲದೆ ಆರಾಮಾಗಿ ಆಡಬಹುದು.

ನೀವು ಓದುವವರು. ನಾನಾದರೆ ನಿಮಗೆ ಮೊದಲು ಫೈನಲ್ ಫ್ಯಾಂಟಸಿಯನ್ನೇ ಕೊಡುತ್ತೇನೆ.

ಪ್ರಶ್ನೆ: ಡಿಗ್ರಿ ಎರಡನೇ ವರ್ಷ, ಪಿಜಿಯಲ್ಲಿ ಇದ್ದೀನಿ. ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ. ಬಸ್ಸಲ್ಲಿ ಹೋಗ್ತಾ ಆಡೋ ಥರ ಯಾವುದಿದೆ? ದುಡ್ಡು ಹಾಕೋಕೆ ಆಗಲ್ಲ.
ಓದುಗರು, ಹೆಬ್ಬಾಳ

ಉತ್ತರ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ನೋಡಲು ಹಳೇ ಕಾಲದ ಆಟದ ಹಾಗಿದೆ, ಹಾಗಿರುವುದೇ ಉದ್ದೇಶ. 2007ರ ಆಗಸ್ಟ್‌ನಲ್ಲಿ ಆಟ ಹೇಗಿತ್ತೋ ಆ ಪ್ರತಿಯನ್ನು ಹಿಡಿದು 2013ರಲ್ಲಿ ಮತ್ತೆ ಶುರು ಮಾಡಿದರು, 2018ರಲ್ಲಿ ಫೋನಿಗೆ ತಂದರು. ಮುಂದೆ ಕಂಪ್ಯೂಟರ್ ಸಿಕ್ಕಿದರೆ ಅದೇ ಖಾತೆ ಅಲ್ಲೂ ನಡೆಯುತ್ತದೆ. ಮೀನು ಹಿಡಿಯುವುದು, ಮರ ಕಡಿಯುವುದು, ಅಡುಗೆ ಮಾಡುವುದು ಎಲ್ಲಕ್ಕೂ ಲೆವೆಲ್ ಇದೆ. ಮರಕ್ಕೆ ಒಂದು ಸಲ ಒತ್ತಿ ಕಿಟಕಿಯಾಚೆ ನೋಡುತ್ತ ಕೂರಬಹುದು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇದಕ್ಕಿಂತ ಒಳ್ಳೆ ಆಟ ನನಗೆ ಗೊತ್ತಿಲ್ಲ. ಶುರುವಿನ ಒಂದು ಕೆಲಸ ಅಡುಗೆಯವನಿಗೆ ಮೊಟ್ಟೆ, ಹಾಲು, ಹಿಟ್ಟು ತಂದುಕೊಡುವುದು. ಹಸುವಿನ ಹಾಲು ನೀವೇ ಕರೆಯಬೇಕು, ಗಿರಣಿಗೆ ಹೋಗಿ ಗೋಧಿ ನೀವೇ ಬೀಸಬೇಕು. ಇಂಥ ಕೆಲಸದಲ್ಲಿ ಇರುವ ಸುಖ ದೊಡ್ಡ ದೊಡ್ಡ ಡ್ರ್ಯಾಗನ್ ಕಾಳಗದಲ್ಲೂ ಇರುವುದಿಲ್ಲ.

ಉಚಿತವಾಗಿ ಆಡುವವರಿಗೆ ಲೋಕದ ಒಂದು ಭಾಗ, ಕೆಲವು ಕೌಶಲಗಳು ಮಾತ್ರ. ಅದೇ ಬೇಕಾದಷ್ಟಿದೆ. ಉತ್ತರಕ್ಕೆ ವೈಲ್ಡರ್ನೆಸ್ ಅಂತ ಒಂದು ಪ್ರದೇಶ ಇದೆ, ಅಲ್ಲಿ ಬೇರೆ ಆಟಗಾರರು ನಿಮ್ಮನ್ನು ಕೊಂದು ಸಾಮಾನು ದೋಚಬಹುದು. ಯಾರಾದರೂ ಬಾ, ಒಳ್ಳೆ ವಸ್ತು ಕೊಡಿಸ್ತೀನಿ ಅಂತ ಆ ಕಡೆ ಕರೆದರೆ ಹೋಗಬೇಡಿ. ಪೂರ್ತಿ ಒಂಟಿಯಾಗಿ ಆಡುವ ಹಟ ಇದ್ದರೆ ಐರನ್‌ಮ್ಯಾನ್ ಅನ್ನುವ ವಿಧಾನ ಇದೆ. ಅದರಲ್ಲಿ ಬೇರೆಯವರ ಜೊತೆ ಕೊಡುಕೊಳ್ಳುವುದು ಇಲ್ಲವೇ ಇಲ್ಲ, ಬೇಕಾದ್ದನ್ನೆಲ್ಲ ನೀವೇ ಸಂಪಾದಿಸಬೇಕು.

ಆಲ್ಬಿಯನ್ ಆನ್‌ಲೈನ್ ಕೂಡ ಫೋನಿನಲ್ಲಿ ಉಚಿತ, ಚೆನ್ನಾಗಿಯೂ ಇದೆ, ಆದರೆ ಅದರ ಕೆಂಪು ಮತ್ತು ಕಪ್ಪು ಪ್ರದೇಶಗಳಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಹೋಗುತ್ತದೆ. ಒಬ್ಬರೇ ಆಡುವ ಹೊಸಬರಿಗೆ ಬೇಡ. ಗೆನ್‌ಶಿನ್ ಇಂಪ್ಯಾಕ್ಟ್ ಅನ್ನು ನಿಮ್ಮ ಸ್ನೇಹಿತರು ಹೇಳಿರಬಹುದು. ಬಹಳ ಸುಂದರವಾದ ಲೋಕ, ಬಹುತೇಕ ಒಬ್ಬರೇ ಆಡುವಂಥದ್ದು. ಆದರೆ ಹೊಸ ಪಾತ್ರ ಬೇಕೆಂದರೆ ಲಾಟರಿ ಥರ ಎಳೆಯಬೇಕು, ಎಳೆಯಲು ದುಡ್ಡು ಹಾಕಿಸುವ ಆಸೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ದುಡ್ಡು ಹಾಕೋಕೆ ಆಗಲ್ಲ ಅಂತ ನೀವೇ ಬರೆದಿದ್ದೀರಿ, ಅದರ ಹತ್ತಿರ ಹೋಗಬೇಡಿ. ತಾನೇ ಓಡಿ ತಾನೇ ಹೊಡೆಯುವ ಆಟೋ ಬಟನ್ ಇರುವ ಫೋನ್ ಆಟಗಳೂ ಬೇಡ. ಆಡುವುದು ಅದೇ ಆದರೆ ನಾವ್ಯಾಕೆ?

ಪ್ರಶ್ನೆ: ಬೆಂಗಳೂರಿನಿಂದ ಆಡಿದರೆ ಪಿಂಗ್ ತೊಂದರೆ ಆಗಲ್ವಾ?
ಓದುಗರು, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಸ್ವಲ್ಪ ಆಗುತ್ತದೆ. ಪಿಂಗ್ ಅಂದರೆ ನೀವು ಒತ್ತಿದ್ದು ಆಟದ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು. ಗಿಲ್ಡ್ ವಾರ್ಸ್ 2, ಎಲ್ಡರ್ ಸ್ಕ್ರೋಲ್ಸ್ ಎರಡಕ್ಕೂ ಸರ್ವರ್ ಇರುವುದು ಅಮೆರಿಕ ಮತ್ತು ಯುರೋಪಿನಲ್ಲಿ. ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡಿದರೂ ಅಷ್ಟು ದೂರ ಹೋಗಿ ಬರಲು ಹೊತ್ತು ಬೇಕೇ ಬೇಕು, ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ಆ ದೂರ ಕಡಿಮೆಯಾಗುವುದಿಲ್ಲ. ನಮಗೆ ಹತ್ತಿರ ಯುರೋಪ್, ಅದನ್ನೇ ಆರಿಸಿ. ಇನ್ನೊಂದು ಅನುಕೂಲ ಇದೆ. ನಮ್ಮ ರಾತ್ರಿ ಹತ್ತು ಗಂಟೆ ಅಂದರೆ ಜರ್ಮನಿಯಲ್ಲಿ ಸಂಜೆ ಐದೂವರೆ ಅಥವಾ ಆರೂವರೆ, ಜನ ಕೆಲಸ ಮುಗಿಸಿ ಆಟಕ್ಕೆ ಬರುವ ಹೊತ್ತು. ಆದ್ದರಿಂದ ನಾವು ಕೂತಾಗ ಅಲ್ಲಿ ಜನ ತುಂಬಿರುತ್ತಾರೆ. ರೂನ್‌ಸ್ಕೇಪ್ 0.6 ಸೆಕೆಂಡಿಗೊಮ್ಮೆ ಹೆಜ್ಜೆ ಇಡುವ ಆಟ, ಪಿಂಗ್ ಇದ್ದರೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಮನೆಯೊಳಗೆ ಮಾಡಬಹುದಾದ್ದು ಎರಡು. ವೈಫೈ ಬಿಟ್ಟು ಲ್ಯಾನ್ ವೈರ್ ಹಾಕಿ. ಕರೆಂಟ್ ಹೋಗುವ ಏರಿಯಾ ಆದರೆ ಎಸ್‌ಪಿ ರೋಡಿನಲ್ಲಿ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ತಂದು ಹಾಕಿ.

ಪ್ರಶ್ನೆ: ಆನ್‌ಲೈನ್ ಗೇಮ್ ಬ್ಯಾನ್ ಆಗಿದೆ ಅಂತ ಸುದ್ದಿಯಲ್ಲಿ ನೋಡಿದೆ. ನನ್ನ ಮಗ, ಹತ್ತನೇ ಕ್ಲಾಸು, ಎಲ್ಡರ್ ಸ್ಕ್ರೋಲ್ಸ್ ಬೇಕು ಅಂತಿದ್ದಾನೆ. ಕೊಡಿಸಿದರೆ ತಪ್ಪಾಗುತ್ತಾ? ಗೊತ್ತಿಲ್ಲದವರು ಮಾತಾಡಿಸ್ತಾರೆ ಅನ್ನೋ ಭಯವೂ ಇದೆ.
ಓದುಗರು, ರಾಜಾಜಿನಗರ

ಉತ್ತರ: ನೀವು ನೋಡಿದ ಸುದ್ದಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯದ್ದು. ಅದು ತಡೆದಿರುವುದು ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಆಟಗಳನ್ನು. ಆಟ ಕೊಂಡುಕೊಳ್ಳುವುದು, ಚಂದಾ ಕಟ್ಟಿ ಆಡುವುದು ಬೇರೆ, ಅದಕ್ಕೆ ಅಡ್ಡಿ ಇಲ್ಲ.

ಆದರೆ ಎಲ್ಡರ್ ಸ್ಕ್ರೋಲ್ಸ್ ದೊಡ್ಡವರಿಗೆಂದು ಮಾಡಿದ ಆಟ. ರಕ್ತಪಾತ ಇದೆ, ಅಮೆರಿಕದ ರೇಟಿಂಗ್‌ನಲ್ಲಿ 17 ವರ್ಷ ಮೇಲ್ಪಟ್ಟವರಿಗೆ ಅಂತ ಹಾಕಿದ್ದಾರೆ. ಮಗನಿಗೆ ಅದರ ಬದಲು ಗಿಲ್ಡ್ ವಾರ್ಸ್ 2 ಕೊಡಿ, ಅದಕ್ಕೆ ಟೀನ್ ರೇಟಿಂಗ್ ಇದೆ, ಶುರುವಿಗೆ ದುಡ್ಡೂ ಬೇಡ. ಮೊದಲ ಕೆಲವು ಸಲ ಪಕ್ಕದಲ್ಲಿ ಕೂತು ನೋಡಿ ಮೇಡಂ. ಚಾಟ್ ಕಿಟಕಿಯಲ್ಲಿ ಏನೇನು ಕಾಣಬೇಕು ಅಂತ ಸೆಟ್ ಮಾಡಬಹುದು, ತೊಂದರೆ ಕೊಡುವವರನ್ನು ಬ್ಲಾಕ್ ಮಾಡಬಹುದು, ಅದನ್ನು ಅವನಿಗೇ ಮಾಡಲು ಹೇಳಿ ನೋಡಿ. ಆಟದ ಅಂಗಡಿಯಲ್ಲಿ, ಒಳಗಿಂದ ಏನು ಬರುತ್ತದೆ ಅಂತ ಮೊದಲೇ ಗೊತ್ತಾಗದ ಪೆಟ್ಟಿಗೆಗಳಿಗೆ ಬೀಗದ ಕೈಗಳನ್ನು ಮಾರುತ್ತಾರೆ. ಅವನ್ನು ಕೊಳ್ಳುವಂತಿಲ್ಲ ಅಂತ ಮೊದಲ ದಿನವೇ ಮಾತಾಗಲಿ, ನಿಮ್ಮ ಕಾರ್ಡ್ ಅಥವಾ ಯುಪಿಐ ಅಲ್ಲಿ ಉಳಿಸಬೇಡಿ. ಆಟದ ಚಿನ್ನವನ್ನು ಕಡಿಮೆ ಬೆಲೆಗೆ ಕೊಡ್ತೀವಿ ಅಂತ ಹೊರಗಿನವರು ಹೇಳಿದರೆ ನಂಬಬಾರದು. ದುಡ್ಡೂ ಹೋಗುತ್ತದೆ, ಖಾತೆಯೂ ಬ್ಯಾನ್ ಆಗುತ್ತದೆ.

ಪ್ರಶ್ನೆ: ಗಿಲ್ಡ್ ವಾರ್ಸ್ 2 ಹಾಕಿಕೊಂಡೆ. ಪಾತ್ರ ಮಾಡೋ ಜಾಗದಲ್ಲೇ ನಿಂತಿದ್ದೀನಿ. ಒಬ್ಬಳೇ ಆಡೋಕೆ ಯಾವ ಪ್ರೊಫೆಶನ್?
ಓದುಗರು, ಯಲಹಂಕ

ಉತ್ತರ: ಪ್ರೊಫೆಶನ್ ಅಂದರೆ ನಿಮ್ಮ ಪಾತ್ರ ಕಾದಾಡುವ ಬಗೆ. ನೆಕ್ರೊಮ್ಯಾನ್ಸರ್ ಆರಿಸಿ, ಸತ್ತವರ ಶಕ್ತಿ ಬಳಸುವ ಮಾಂತ್ರಿಕ. ಜೀವ ಕಡಿಮೆಯಾದಾಗ ನೆರಳಿನ ರೂಪಕ್ಕೆ ಹೋದರೆ ಎರಡನೇ ಜೀವದ ಪಟ್ಟಿ ಸಿಕ್ಕ ಹಾಗೆ, ಜೊತೆಗೆ ನಿಮ್ಮ ಪರವಾಗಿ ಏಟು ತಿನ್ನುವ ಪಿಶಾಚಿಗಳನ್ನು ಕರೆಯಬಹುದು. ಪಿಶಾಚಿ ಇಷ್ಟ ಆಗದಿದ್ದರೆ ರೇಂಜರ್ ತೆಗೆದುಕೊಳ್ಳಿ. ಕರಡಿಯನ್ನೋ ತೋಳವನ್ನೋ ಪಳಗಿಸಿ ಮುಂದೆ ಬಿಟ್ಟು ನೀವು ದೂರದಿಂದ ಬಿಲ್ಲು ಹೊಡೆಯಬಹುದು. ಬೆಂಕಿ, ನೀರು, ಗಾಳಿ, ಮಣ್ಣಿನ ಮಂತ್ರ ಹಾಕುವ ಎಲಿಮೆಂಟಲಿಸ್ಟ್ ನೋಡಲು ಚೆಂದ, ಆದರೆ ಬೇಗ ಸಾಯುತ್ತಾಳೆ, ಎರಡನೇ ಪಾತ್ರಕ್ಕೆ ಇಟ್ಟುಕೊಳ್ಳಿ. ಉಚಿತ ಖಾತೆಯಲ್ಲಿ ಎರಡು ಜಾಗ ಇದ್ದೇ ಇದೆಯಲ್ಲ.